ಜಾನ್ ಬ್ಯಾಕಸ್: ವೇಗದ ಭಾಷೆ ಕಟ್ಟಿದವರು

ಗಣಕ ವಿಜ್ಞಾನದ ಪಾಠಕ್ಕೆ ಪೀಠಿಕೆ ಹುಡುಕುತ್ತಿರುವ ಪ್ರಶಿಕ್ಷಣಾರ್ಥಿಗಳಿಗೆ ಜಾನ್ ಬ್ಯಾಕಸ್ ಅವರ ಜೀವನ ಚೆನ್ನಾಗಿ ಒದಗುತ್ತದೆ. 1924ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಅವರಿಗೆ ಓದಿನಲ್ಲಿ ಮನಸ್ಸಿರಲಿಲ್ಲ. ತರಗತಿಗೆ ಹೋಗದೆ ವರ್ಜೀನಿಯಾ ವಿಶ್ವವಿದ್ಯಾಲಯದಿಂದ ಹೊರಬಿದ್ದರು. ಮುಂದೆ ಸೈನ್ಯಕ್ಕೆ ಸೇರಿದರು, ವೈದ್ಯಕೀಯ ಓದಲು ಹೋಗಿ ಅದನ್ನೂ ಬಿಟ್ಟರು. ಕೊನೆಗೆ ನ್ಯೂಯಾರ್ಕಿನಲ್ಲಿ ರೇಡಿಯೊ ದುರಸ್ತಿ ಕಲಿಸುವ ಶಾಲೆಗೆ ಬಂದಾಗ, ಅಲ್ಲಿನ ಶಿಕ್ಷಕರೊಬ್ಬರು ಆಂಪ್ಲಿಫೈಯರಿಗೆ ಸಂಬಂಧಿಸಿದ ಲೆಕ್ಕ ಮಾಡಿಕೊಡಲು ಅವರ ನೆರವು ಕೇಳಿದರು. ಗಣಿತದ ರುಚಿ ಹತ್ತಿದ್ದು ಅಲ್ಲಿಯೇ. ಕೊಲಂಬಿಯಾದಲ್ಲಿ ಗಣಿತ ಓದಿ 1950ರಲ್ಲಿ ಐಬಿಎಂ ಸೇರಿದರು.

ಆಗ ಪ್ರೋಗ್ರಾಮನ್ನು ಯಂತ್ರದ ಸಂಕೇತಗಳಲ್ಲೇ ಬರೆಯಬೇಕಿತ್ತು. ಬ್ಯಾಕಸ್ 1953ರಲ್ಲಿ ರೂಪಿಸಿದ ಸ್ಪೀಡ್‌ಕೋಡಿಂಗ್ ಬರೆಯುವವರ ಶ್ರಮವನ್ನು ಇಳಿಸಿತು, ಆದರೆ ಪ್ರೋಗ್ರಾಮು ನಿಧಾನವಾಗಿ ಓಡುತ್ತಿತ್ತು. ಮನುಷ್ಯನಿಗೆ ಸುಲಭವಾದದ್ದು ಯಂತ್ರಕ್ಕೆ ಹೊರೆಯೇ ಎಂದು ಅನುಭವಿಗಳು ನಂಬಿದ್ದರು. ಅವರು ಹಾಗೆ ಶಂಕಿಸಿದ್ದರಲ್ಲಿ ತಪ್ಪೇನಿರಲಿಲ್ಲ ಎನ್ನಬೇಕು.

ಆದ್ದರಿಂದ ಐಬಿಎಂ 704 ಯಂತ್ರಕ್ಕಾಗಿ ಫೋರ್ಟ್ರಾನ್ ರೂಪಿಸುವಾಗ ಬ್ಯಾಕಸ್ ತಂಡ ಭಾಷೆಯ ಅಂದಕ್ಕಿಂತ ಕಂಪೈಲರಿನ ಕಡೆಗೇ ಹೆಚ್ಚು ಗಮನ ಕೊಟ್ಟಿತು. ಸೂತ್ರದಂತೆ ಬರೆದದ್ದನ್ನು ಯಂತ್ರದ ಆಜ್ಞೆಗಳಾಗಿ ಮಾರ್ಪಡಿಸುವುದು ಕಂಪೈಲರಿನ ಕೆಲಸ. ಆವರ್ತನದೊಳಗೆ ಬದಲಾಗದ ಲೆಕ್ಕವನ್ನು ಅದು ಹೊರಗೆ ತೆಗೆದು ಒಮ್ಮೆ ಮಾತ್ರ ಮಾಡಿಸುತ್ತಿತ್ತು. ಪ್ರೋಗ್ರಾಮಿನ ಯಾವ ಭಾಗ ಹೆಚ್ಚು ಸಲ ಓಡೀತು ಎಂದು ಮೊದಲೇ ಅಂದಾಜಿಸಿ, 704ರಲ್ಲಿದ್ದ ಮೂರೇ ಮೂರು ಸೂಚಿ ರಿಜಿಸ್ಟರುಗಳನ್ನು ಹಂಚುತ್ತಿತ್ತು. ಕಂಪೈಲರ್ ಕೊಟ್ಟ ಆಜ್ಞೆಗಳ ಜಾಣ್ಮೆ ಕಂಡು ಅದನ್ನು ಕಟ್ಟಿದವರೇ ಕೆಲವೊಮ್ಮೆ ಬೆರಗಾದರಂತೆ. ಆರು ತಿಂಗಳ ಕೆಲಸವೆಂದು ಹೊರಟದ್ದು ಸುಮಾರು ಮೂರು ವರ್ಷ ಹಿಡಿದು 1957ರಲ್ಲಿ ಬಳಕೆದಾರರ ಕೈ ಸೇರಿತು. ಕೈಯಿಂದ ಬರೆದ ಪ್ರೋಗ್ರಾಮಿಗೆ ಹತ್ತಿರದ ವೇಗ ಬಂದಾಗ ಶಂಕೆ ಕರಗಿತು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಬರೀ ಗೆಲುವಿನ ಕತೆ. 1977ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಸ್ವೀಕರಿಸಿದ ಭಾಷಣದಲ್ಲಿ ಬ್ಯಾಕಸ್ ತಾವೇ ಹಾಕಿಕೊಟ್ಟ ದಾರಿಯನ್ನು ಟೀಕಿಸಿದರು. ಆ ಬಗೆಯ ಭಾಷೆಗಳು ಸ್ಮೃತಿ ಮತ್ತು ಸಂಸ್ಕಾರಕದ ನಡುವಿನ ಇಕ್ಕಟ್ಟಾದ ದಾರಿಯಲ್ಲಿ ಒಂದೊಂದೇ ಪದವನ್ನು ಸಾಗಿಸುವ ಯೋಚನೆಗೆ ಪ್ರೋಗ್ರಾಮರನ್ನು ಕಟ್ಟಿಹಾಕುತ್ತವೆ ಎಂಬುದು ಅವರ ವಾದ. ಇಡೀ ದತ್ತಾಂಶದ ಮೇಲೆ ಒಮ್ಮೆಗೇ ಕೆಲಸ ಮಾಡುವ ಫಲನಗಳಿಂದ ಪ್ರೋಗ್ರಾಮು ಕಟ್ಟಿದರೆ, ಒಂದನ್ನೊಂದು ಕಾಯಬೇಕಿಲ್ಲದ ಭಾಗಗಳನ್ನು ಹಲವು ಸಂಸ್ಕಾರಕಗಳಿಗೆ ಏಕಕಾಲದಲ್ಲಿ ಹಂಚಬಹುದು.

ಅವರು ಸೂಚಿಸಿದ ಎಫ್‌ಪಿ ಭಾಷೆ ಬಳಕೆಗೆ ಬರಲಿಲ್ಲ. ಫೋರ್ಟ್ರಾನ್ ಮಾತ್ರ ಉಳಿಯಿತು. ಇಡೀ ಸರಣಿಯನ್ನು ಒಂದೇ ಸಾಲಿನಲ್ಲಿ ಕೂಡುವ, ಗುಣಿಸುವ ಅನುಕೂಲ ಫೋರ್ಟ್ರಾನ್ 90ರಲ್ಲಿ ಸೇರಿತು. ಸಮಾಂತರ ಗಣನೆಯ ಸೌಲಭ್ಯವೂ ಮುಂದೆ ಬಂತು. ಬ್ಯಾಕಸ್ 2007ರಲ್ಲಿ ಆರೆಗಾನ್ ರಾಜ್ಯದಲ್ಲಿ ತೀರಿಕೊಂಡರು. ಹವಾಮಾನ ಮುನ್ಸೂಚನೆಯ ದೊಡ್ಡ ಪ್ರೋಗ್ರಾಮುಗಳು ಇಂದಿಗೂ ಬಹುಮಟ್ಟಿಗೆ ಫೋರ್ಟ್ರಾನಿನಲ್ಲೇ ಇವೆ.