ಮುಸುಕಿನೊಳಗೆ ತನ್ನನ್ನೇ ಹುಡುಕಿದ ಚಿತ್ರಕಾರ

ದ್ವೇಷ ಹರಡುವವರ ಚಿತ್ರ ಬರೆಯೋದು ಕಷ್ಟವೇನಲ್ಲ. ಅವರನ್ನು ರಾಕ್ಷಸರನ್ನಾಗಿ ತೋರಿಸಿದರಾಯಿತು, ನೋಡುವ ನಮಗೂ ನಿರಾಳ. ಅಮೆರಿಕದ ಚಿತ್ರಕಾರ ಫಿಲಿಪ್ ಗಸ್ಟನ್ ಅಷ್ಟಕ್ಕೇ ನಿಲ್ಲಲಿಲ್ಲ. ಆತ ನನಗೆ ಇವತ್ತಿಗೂ ಮುಖ್ಯ ಅನ್ನಿಸೋದು ಅದಕ್ಕೇ.

ಒಡೆಸಾದಿಂದ ವಲಸೆ ಬಂದ ಬಡ ಯಹೂದಿ ಕುಟುಂಬ. 1913ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಹುಟ್ಟಿದ ಹುಡುಗ ಬೆಳೆದದ್ದು ಲಾಸ್ ಏಂಜಲಿಸ್‌ನಲ್ಲಿ. ಆಗಿನ ಹೆಸರು ಗೋಲ್ಡ್‌ಸ್ಟೈನ್. ಗುಜರಿ ಆಯುತ್ತಿದ್ದ ಅಪ್ಪ ನೇಣು ಹಾಕಿಕೊಂಡ. ಊರಲ್ಲಿ ಬಿಳಿ ಮುಸುಕಿನ ಕು ಕ್ಲಕ್ಸ್ ಕ್ಲಾನ್ ರಾಜಾರೋಷವಾಗಿ ಓಡಾಡುತ್ತಿದ್ದ ಕಾಲ ಅದು. ಹದಿಹರೆಯದಲ್ಲೇ ಗಸ್ಟನ್ ಆ ಮುಸುಕುಧಾರಿಗಳನ್ನು ಬರೆದ. ಕಪ್ಪು ಜನರ ಮೇಲಿನ ದೌರ್ಜನ್ಯದ ಬಗ್ಗೆ ಆತ ಮತ್ತು ಗೆಳೆಯರು ಮಾಡಿದ ಚಿತ್ರಗಳನ್ನು 1933ರಲ್ಲಿ ಪೊಲೀಸರೇ ದಾಳಿ ಮಾಡಿ ಹಾಳುಗೆಡವಿದರು. ಮರುವರ್ಷ ಮೆಕ್ಸಿಕೊದ ಮೊರೇಲಿಯಾಕ್ಕೆ ಹೋಗಿ ದಮನದ ವಿರುದ್ಧ ದೊಡ್ಡ ಭಿತ್ತಿಚಿತ್ರ ಬರೆದ.

1940ರ ದಶಕದ ಕೊನೆಗೆ ಆತ ಅಮೂರ್ತ ಕಲೆಗೆ ಹೊರಳಿದ. ಮನುಷ್ಯರು ಹೋದರು, ಗುಲಾಬಿ, ಕೆಂಪು ಬಣ್ಣಗಳ ದಟ್ಟ ಗೀರುಗಳು ಉಳಿದವು. ಶಾಲೆಯ ಗೆಳೆಯ ಜಾಕ್ಸನ್ ಪೊಲ್ಲಾಕ್ ಜೊತೆ ಆತನೂ ನ್ಯೂಯಾರ್ಕಿನ ದೊಡ್ಡ ಹೆಸರಾದ. 1962ರಲ್ಲಿ ಗುಗ್ಗೆನ್‌ಹೈಮ್ ಮ್ಯೂಸಿಯಂ ಆತನ ಸಮಗ್ರ ಪ್ರದರ್ಶನ ನಡೆಸಿತು.

ಆಮೇಲೆ ವಿಯೆಟ್ನಾಂ ಯುದ್ಧ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆ, 1968ರ ಶಿಕಾಗೋದಲ್ಲಿ ಪ್ರತಿಭಟನಕಾರರ ಮೇಲೆ ಪೊಲೀಸರ ಲಾಠಿ. ಹೊರಗೆ ಇಷ್ಟೆಲ್ಲ ನಡೆಯುವಾಗ ಸ್ಟುಡಿಯೋದೊಳಗೆ ಕೂತು ಕೆಂಪಿಗೆ ನೀಲಿ ಹೊಂದಿಸುವ ಕೆಲಸ ಆತನಿಗೆ ಸಾಕಾಗಿಹೋಯಿತು.

1970ರ ಅಕ್ಟೋಬರಿನಲ್ಲಿ ಮಾರ್ಲ್‌ಬರೋ ಗ್ಯಾಲರಿಗೆ ಬಂದವರಿಗೆ ಕಂಡದ್ದು ಬೂಟು, ಬಲ್ಬು, ಸಿಗಾರು, ಕಾರಿನಲ್ಲಿ ಸುತ್ತುವ ಮುಸುಕುಧಾರಿಗಳು, ಎಲ್ಲವೂ ಕಾಮಿಕ್ಸ್ ಥರ. ವಿಮರ್ಶಕರು ಹರಿಹಾಯ್ದರು. ಆಪ್ತ ಗೆಳೆಯ, ಸಂಗೀತ ಸಂಯೋಜಕ ಮಾರ್ಟನ್ ಫೆಲ್ಡ್‌ಮನ್ ದೂರವಾದ. ಬೆನ್ನು ತಟ್ಟಿದ ಕೆಲವರಲ್ಲಿ ಚಿತ್ರಕಾರ ಡಿ ಕೂನಿಂಗ್ ಒಬ್ಬ.

ಇದನ್ನು ಹಳೆಯ ದಾರಿಗೆ ವಾಪಸಾತಿ ಅಂತ ನಾನು ಕರೆಯಲಾರೆ. ಯುವಕ ಗಸ್ಟನ್‌ಗೆ ಕ್ಲಾನ್ ಹೊರಗಿನ ಶತ್ರು. 1969ರ ‘ದಿ ಸ್ಟುಡಿಯೋ’ ಚಿತ್ರದಲ್ಲಿ ಮುಸುಕು ಹಾಕಿ ಕೂತವನು ಚಿತ್ರಕಾರನೇ. ಒಂದು ಕೈಯಲ್ಲಿ ಸಿಗಾರು, ಇನ್ನೊಂದರಲ್ಲಿ ಕುಂಚ, ಬರೆಯುತ್ತಿರುವುದು ತನ್ನದೇ ಮುಸುಕಿನ ಮುಖ. ಬಿಳಿಯನಾಗಿ, ಹೆಸರು ಮಾಡಿದವನಾಗಿ, ಆ ವ್ಯವಸ್ಥೆಯಲ್ಲಿ ತನ್ನ ಪಾಲೆಷ್ಟು ಅನ್ನುವ ಲೆಕ್ಕ ಅದು ಅಂತ ನನಗನ್ನಿಸುತ್ತದೆ.

ಗಸ್ಟನ್ 1980ರಲ್ಲಿ ತೀರಿಕೊಂಡ. ನಲವತ್ತು ವರ್ಷಗಳ ನಂತರ, ಜಾರ್ಜ್ ಫ್ಲಾಯ್ಡ್ ಹತ್ಯೆಯಾದ ವರ್ಷ, ವಾಷಿಂಗ್ಟನ್, ಲಂಡನ್, ಬೋಸ್ಟನ್, ಹೂಸ್ಟನ್‌ನ ನಾಲ್ಕು ಮ್ಯೂಸಿಯಂಗಳು ಆತನ ಪ್ರದರ್ಶನವನ್ನು 2024ಕ್ಕೆ ಮುಂದೂಡಿದವು. ಮುಸುಕಿನ ಚಿತ್ರಗಳನ್ನು ಜನ ತಪ್ಪು ತಿಳಿದಾರು ಅನ್ನುವ ಅಳುಕು. ಕಲಾವಿದರು ಪ್ರತಿಭಟಿಸಿದ ಮೇಲೆ 2022ರಲ್ಲೇ ಬೋಸ್ಟನ್‌ನಲ್ಲಿ ಅದು ಶುರುವಾಯಿತು. ಆ ಮುಸುಕು ಕಪ್ಪು ಜನರಿಗೆ ಹೇಗೆ ಕಾಣುತ್ತದೆ ಅಂತ ಕೇಳಲೇಬೇಕು, ನಿಜ. ಆದರೆ ಕೇಳಬೇಕಾದರೆ ಚಿತ್ರ ಗೋಡೆಯ ಮೇಲಿರಬೇಕಲ್ಲ?

ನಮ್ಮ ಪೋಸ್ಟರು, ಮೀಮುಗಳಲ್ಲಿ ದ್ವೇಷಿಗಳು ಯಾವಾಗಲೂ ಆಚೆ ಕಡೆಯವರು. ಅವರ ವಿರುದ್ಧ ಬರೆಯೋಣ, ಬರೆಯಲೇಬೇಕು. ಜೊತೆಗೆ ಜಾತಿ, ಧರ್ಮ, ಗಂಡು ಅನ್ನುವ ಯಾವ ಮುಸುಕಿನ ಲಾಭ ನಮಗೂ ಸಿಗುತ್ತಿದೆ ಅಂತ ಒಮ್ಮೆ ನೋಡಿಕೊಳ್ಳೋಣ.