ಕಿರುಪುಷ್ಪದ ಸೈರಣೆ

ಶಿಲುಬೆಯನ್ನೂ ಗುಲಾಬಿ ಹೂಗಳನ್ನೂ ಎದೆಗಪ್ಪಿಕೊಂಡು ಮಂದಹಾಸ ಬೀರುವ ಬಾಲಯೇಸುವಿನ ಸಂತ ತೆರೇಸಮ್ಮನವರ ಸ್ವರೂಪವನ್ನು ನಾವೆಲ್ಲರೂ ಕಂಡಿದ್ದೇವೆ. ಆ ಮುಖವನ್ನು ನೋಡಿದವರು, ತಾಳ್ಮೆ ಅವರಿಗೆ ಹುಟ್ಟಿನಿಂದಲೇ ಬಂದ ವರವೆಂದು ಭಾವಿಸುವುದು ಸಹಜ. ಸಂಗತಿ ಹಾಗಿರಲಿಲ್ಲ.

1873ರ ಜನವರಿ 2ರಂದು ಫ್ರಾನ್ಸ್ ದೇಶದಲ್ಲಿ ಜನಿಸಿದ ತೆರೇಸಮ್ಮನವರು ಐದು ವರ್ಷ ತುಂಬುವ ಮುನ್ನವೇ ತಾಯಿಯನ್ನು ಕಳೆದುಕೊಂಡರು. ಹಠದ ಸ್ವಭಾವ, ಸಣ್ಣ ಮಾತಿಗೂ ಕಣ್ಣೀರು. 1886ರ ಕ್ರಿಸ್ತಜಯಂತಿಯ ರಾತ್ರಿ ಆ ದೌರ್ಬಲ್ಯದಿಂದ ಬಿಡುಗಡೆ ದೊರೆಯಿತೆಂದು ಅವರೇ ಬರೆದಿಟ್ಟಿದ್ದಾರೆ. ಮಠ ಸೇರುವ ಆತುರದಿಂದ ಮರುವರ್ಷ ರೋಮಿಗೆ ಹೋಗಿ, ಜಗದ್ಗುರು ಹದಿಮೂರನೆಯ ಲಿಯೋರವರ ಮುಂದೆ ಮೊಣಕಾಲೂರಿ ಅಪ್ಪಣೆ ಬೇಡಿದರು. ಆದರೂ ಕಾಯಬೇಕಾಯಿತು. 1888ರ ಏಪ್ರಿಲ್ 9ರಂದು, ಹದಿನೈದರ ಪ್ರಾಯದಲ್ಲಿ, ಲಿಸ್ಯೂ ಪಟ್ಟಣದ ಕಾರ್ಮೆಲ್ ಮಠ ಅವರನ್ನು ಬರಮಾಡಿಕೊಂಡಿತು.

ಅಲ್ಲಿ ಎದುರಾದ ಕಿರಿಕಿರಿಗಳು ನಮ್ಮ ಮನೆಗಳಲ್ಲಿ ದಿನವೂ ಕಾಣುವಂಥವೇ. ಸಂಜೆಯ ಧ್ಯಾನದ ವೇಳೆ ಹಿಂದೆ ಕುಳಿತ ಸೋದರಿಯೊಬ್ಬರು ಒಂದೇ ಸಮನೆ ಕರಕರ ಸದ್ದು ಮಾಡುತ್ತಿದ್ದರು. ಒಮ್ಮೆ ತಿರುಗಿ ನೋಡಿದ್ದರೆ ಸಾಕಿತ್ತು, ತೆರೇಸಮ್ಮನವರು ತಿರುಗಲಿಲ್ಲ. ಬೆವರಿಳಿಯುವಷ್ಟು ಕಷ್ಟವಾಯಿತು. ಕೊನೆಗೆ ಆ ಸದ್ದನ್ನೇ ಸಂಗೀತವೆಂದು ಭಾವಿಸಿ ಪ್ರಭುವಿಗೆ ಅರ್ಪಿಸಿದರು. ಬಟ್ಟೆ ಒಗೆಯುವಾಗ ಎದುರಿನವರು ಕೊಳೆನೀರನ್ನು ಮುಖಕ್ಕೆ ಸಿಡಿಸಿದರೂ ಹಿಂದೆ ಸರಿಯಲಿಲ್ಲ.

ರೋಗಿಯಾಗಿದ್ದ ವೃದ್ಧ ಸೋದರಿಯೊಬ್ಬರನ್ನು ಪ್ರತಿ ಸಂಜೆ ಊಟದ ಮನೆಗೆ ನಡೆಸಿಕೊಂಡು ಹೋಗುವ ಕೆಲಸವನ್ನು ತಾವಾಗಿಯೇ ವಹಿಸಿಕೊಂಡರು. ಬೇಗ ನಡೆದರೆ ಬೀಳಿಸುತ್ತೀಯೆಂಬ ದೂರು. ನಿಧಾನಿಸಿದರೆ ಕೈಬಿಟ್ಟೆಯೆಂಬ ದೂರು. ರೊಟ್ಟಿಯನ್ನು ಕತ್ತರಿಸಲು ಆಕೆ ಪಡುತ್ತಿದ್ದ ಪಾಡನ್ನು ಗಮನಿಸಿ, ಯಾರೂ ಹೇಳದೆ ಅದನ್ನೂ ಕತ್ತರಿಸಿಕೊಟ್ಟರು.

ಇನ್ನೊಂದು ಪ್ರಸಂಗ ನನಗೆ ಬಹಳ ಪ್ರಿಯವಾದುದು. ಅಸ್ವಸ್ಥರಾಗಿದ್ದ ಮಠದ ಮಾತೆಗೆ ಬೀಗದ ಕೈಗಳನ್ನು ಒಪ್ಪಿಸಲು ಹೋದಾಗ, ಸೋದರಿಯೊಬ್ಬರು ಅಡ್ಡಬಂದರು. ಆ ಗದ್ದಲಕ್ಕೆ ಮಾತೆಗೆ ಎಚ್ಚರವಾಯಿತು. ತಪ್ಪೆಲ್ಲವೂ ತೆರೇಸಮ್ಮನವರ ಮೇಲೆ ಬಿತ್ತು. ಸಮರ್ಥಿಸಿಕೊಳ್ಳಲು ನಾಲಿಗೆ ತವಕಿಸಿತು. ಅಲ್ಲಿಯೇ ನಿಂತರೆ ಸುಮ್ಮನಿರಲಾರೆನೆಂದು ಅರಿತು ಅಲ್ಲಿಂದ ಓಡಿದರು. ಎದೆಬಡಿತ ತಾಳಲಾರದೆ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಓಡಿಹೋಗುವುದೂ ತಾಳ್ಮೆಯೇ ಎಂಬುದನ್ನು ಸೆಮಿನರಿಯಲ್ಲಿ ಓದಿದ ದಪ್ಪ ಗ್ರಂಥಗಳಲ್ಲಿ ಕಂಡ ನೆನಪು ನನಗಿಲ್ಲ.

ಪವಿತ್ರ ಧರ್ಮಸಭೆ ಅವರನ್ನು 1925ರಲ್ಲಿ ಸಂತರ ಸಾಲಿಗೆ ಸೇರಿಸಿತು. 1927ರಲ್ಲಿ ಮಿಷನ್ ಕಾರ್ಯದ ಪಾಲಕಿಯೆಂದೂ 1997ರಲ್ಲಿ ಧರ್ಮಸಭೆಯ ಪಂಡಿತೆಯೆಂದೂ ಘೋಷಿಸಿತು. ಎಂದೂ ದೂರದ ಮಿಷನ್ನಿಗೆ ಹೋಗದ, ಮಠದಲ್ಲೇ ಬದುಕಿದವರಿಗೆ ಈ ಗೌರವ!

1897ರ ಜೂನ್ ತಿಂಗಳು. ಕ್ಷಯರೋಗದಿಂದ ಬಳಲಿದ್ದ ಅವರು ಮಠದ ತೋಟದಲ್ಲಿ ಗಾಲಿಕುರ್ಚಿಯ ಮೇಲೆ ಕುಳಿತು, ಮಾತೆಯ ಅಪ್ಪಣೆಯಂತೆ ಸೋದರಪ್ರೇಮದ ವಿಷಯವಾಗಿ ಬರೆಯುತ್ತಿದ್ದರು. ಎರಡು ಸಾಲು ಬರೆಯುವಷ್ಟರಲ್ಲಿ ಯಾರಾದರೊಬ್ಬ ಸೋದರಿ ಸಾಂತ್ವನ ಹೇಳಲೆಂದು ಬಂದು ಮಾತಿಗೆ ತೊಡಗುವರು. ಒಬ್ಬರು ಹೋದರೆ ಇನ್ನೊಬ್ಬರು. ಪ್ರತಿ ಸಲವೂ ಲೇಖನಿ ಕೆಳಗಿಟ್ಟು ನಗುಮುಖದಿಂದ ಮಾತನಾಡಿಸುವರು. ಜುಲೈ ಮೊದಲಲ್ಲಿ ಲೇಖನಿಯನ್ನು ಮಸಿಯಲ್ಲಿ ಅದ್ದುವ ಶಕ್ತಿಯೂ ಉಳಿಯಲಿಲ್ಲ. ಕೊನೆಯ ಪುಟಗಳನ್ನು ಪೆನ್ಸಿಲಿನಲ್ಲಿ ಬರೆದರು. ಸೆಪ್ಟೆಂಬರ್ 30ರಂದು, 24ರ ಪ್ರಾಯದಲ್ಲಿ, ಪ್ರಭುವಿನ ಸನ್ನಿಧಿಯನ್ನು ಸೇರಿದರು.