ಬಲೂನು ಹತ್ತಿ ವಿಶ್ವಕಿರಣ ಅಳೆದ ವಿಕ್ಟರ್ ಹೆಸ್

ನಮ್ಮ ತಲೆ ಮೇಲೆ ಹಗಲೂ ರಾತ್ರಿ ಕಣ್ಣಿಗೆ ಕಾಣದ ಒಂದು ಮಳೆ ಸುರಿಯುತ್ತಲೇ ಇದೆ. ಅದೇ ವಿಶ್ವಕಿರಣ. ಅದನ್ನು ಕಂಡುಹಿಡಿದವರು ವಿಕ್ಟರ್ ಹೆಸ್.

ಹೆಸ್ ಅವರು 1883ರ ಜೂನ್ 24ರಂದು ಆಸ್ಟ್ರಿಯಾ ದೇಶದಲ್ಲಿ ಹುಟ್ಟಿದರು. ಅವರ ತಂದೆಯದು ಕಾಡು ನೋಡಿಕೊಳ್ಳುವ ಕೆಲಸ. ಹೆಸ್ ಗ್ರಾಜ್ ಊರಿನಲ್ಲಿ ಓದಿ 1906ರಲ್ಲಿ ಡಾಕ್ಟರೇಟ್ ಪಡೆದರು. ಆಮೇಲೆ ವಿಯೆನ್ನಾದ ರೇಡಿಯಂ ಸಂಸ್ಥೆ ಸೇರಿದರು.

ಆಗ ವಿಜ್ಞಾನಿಗಳಿಗೆ ಒಂದು ಒಗಟು ಕಾಡುತ್ತಿತ್ತು. ವಿದ್ಯುದ್ದರ್ಶಕ ಅನ್ನೋ ಉಪಕರಣಕ್ಕೆ ವಿದ್ಯುತ್ ಕೊಟ್ಟರೆ ಒಳಗಿರುವ ಎರಡು ತೆಳು ರೇಕುಗಳು ದೂರ ಸರಿದು ನಿಲ್ಲುತ್ತವೆ. ಆದರೆ ಎಷ್ಟೇ ಭದ್ರವಾಗಿ ಮುಚ್ಚಿಟ್ಟರೂ ಅವು ಮೆಲ್ಲಗೆ ಹತ್ತಿರ ಬರುತ್ತಿದ್ದವು. ಅಂದರೆ ವಿದ್ಯುತ್ ಸೋರಿ ಹೋಗುತ್ತಿತ್ತು. ಯಾವುದೋ ಕಿರಣ ಒಳಗೆ ನುಗ್ಗುತ್ತಿದೆ, ಅದು ಭೂಮಿಯ ಮಣ್ಣು ಕಲ್ಲುಗಳಿಂದ ಬರುತ್ತೆ ಅಂತ ಹೆಚ್ಚಿನವರು ನಂಬಿದ್ದರು. ಹಾಗಿದ್ದರೆ ಮೇಲೆ ಹೋದ ಹಾಗೆ ಅದು ಕಡಿಮೆ ಆಗಬೇಕು, ಅಲ್ಲವೇ? ಹೆಸ್ ತಾವೇ ಬಲೂನು ಹತ್ತಿ ನೋಡಲು ಹೊರಟರು.

1912ರಲ್ಲಿ ಅವರು 7 ಸಲ ಹಾರಿದರು. ರಾತ್ರಿಯಲ್ಲೂ ಹಾರಿದರು. ಏಪ್ರಿಲ್ 17ರ ಸೂರ್ಯಗ್ರಹಣದ ದಿನವೂ ಹಾರಿದರು. ಸೂರ್ಯನಿಗೆ ಚಂದ್ರ ಅಡ್ಡ ಬಂದರೂ ಕಿರಣ ಕಡಿಮೆ ಆಗಲಿಲ್ಲ. ಆದ್ದರಿಂದ ಅದು ಸೂರ್ಯನಿಂದ ಬರುವುದಲ್ಲ ಅಂತ ತಿಳಿಯಿತು.

ಆಗಸ್ಟ್ 7ರಂದು ಇಬ್ಬರು ಜೊತೆಗಾರರು, 3 ಉಪಕರಣಗಳೊಂದಿಗೆ ಹೊರಟರು. ಬಲೂನಿನ ತುಂಬ ಹೈಡ್ರೋಜನ್. ಒಂದು ಕಿಡಿ ತಾಗಿದರೂ ಮುಗಿಯಿತು! 5,300 ಮೀಟರ್‌ಗೂ ಮೇಲೆ ಹೋದರು. ಅಲ್ಲಿ ಗಾಳಿ ತೆಳು, ಉಸಿರಾಡೋದೇ ಕಷ್ಟ. ಆದರೂ ಹೆಸ್ ಅಳತೆ ಬರೆದುಕೊಳ್ಳುವುದನ್ನು ಬಿಡಲಿಲ್ಲ. ಮೊದಲು ಸ್ವಲ್ಪ ಕಡಿಮೆಯಾದ ಕಿರಣ ಆಮೇಲೆ ಏರುತ್ತಾ ಹೋಯಿತು. 5,000 ಮೀಟರ್ ಹತ್ತಿರ ನೆಲದ ಮೇಲಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚಾಯಿತು. ಕಿರಣ ಬರುವುದು ಭೂಮಿಯ ಹೊರಗಿನಿಂದ ಅಂತ ಗೊತ್ತಾಯಿತು.

ಮೊದಮೊದಲು ಅನೇಕರು ಒಪ್ಪಲಿಲ್ಲ. 24 ವರ್ಷದ ನಂತರ, 1936ರಲ್ಲಿ ನೊಬೆಲ್ ಬಹುಮಾನ ಬಂತು. ಅಷ್ಟರಲ್ಲಿ ರೇಡಿಯಂ ಸುಟ್ಟ ಗಾಯದಿಂದ ಅವರ ಒಂದು ಹೆಬ್ಬೆರಳು ಹೋಗಿತ್ತು. 1938ರಲ್ಲಿ ನಾಜಿಗಳು ಆಸ್ಟ್ರಿಯಾವನ್ನು ಹಿಡಿದರು. ಹೆಂಡತಿ ಯಹೂದಿ ಮೂಲದವರು ಎಂಬ ಕಾರಣಕ್ಕೆ ಹೆಸ್ ಅವರ ಕೆಲಸ ಕಿತ್ತುಕೊಂಡರು. ಇಬ್ಬರೂ ಅಮೆರಿಕಕ್ಕೆ ಹೋದರು. ನ್ಯೂಯಾರ್ಕಿನಲ್ಲಿ ಅವರು ಮತ್ತೆ ಪಾಠ ಹೇಳಿದರು. 1964ರ ಡಿಸೆಂಬರ್ 17ರಂದು ತೀರಿಕೊಂಡರು.

1958ರಲ್ಲಿ ವ್ಯಾನ್ ಆಲೆನ್ ಎಂಬ ವಿಜ್ಞಾನಿ ಇದೇ ವಿಶ್ವಕಿರಣ ಎಣಿಸಲು ಎಕ್ಸ್‌ಪ್ಲೋರರ್-1 ಉಪಗ್ರಹದಲ್ಲಿ ಉಪಕರಣ ಇಟ್ಟು ಕಳಿಸಿದರು. ಅದರಿಂದ ಭೂಮಿಯನ್ನು ಸುತ್ತಿರುವ ವಿಕಿರಣ ಪಟ್ಟಿ ಪತ್ತೆಯಾಯಿತು. ಈಗ ಅಳೆಯಲು ಉಪಗ್ರಹಗಳೇ ಹೋಗುತ್ತವೆ. ಆಗ ಹೆಸ್ ತಾವೇ ಹೋಗಿದ್ದರು. ಎಲ್ಲರೂ ಹೇಳುತ್ತಾರೆ ಅಂತ ಅವರು ಸುಮ್ಮನೆ ನಂಬಲಿಲ್ಲ, ಅಳೆದು ನೋಡಿದರು. ನಾವೂ ಹಾಗೇ ಮಾಡೋಣ.